ಅತ್ತೆ ಹೇಳದ ಆಮೆನ್

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿ ಮಾತು ಬಿಡಬಹುದಿತ್ತು, ಪ್ರಾರ್ಥನೆ ಬಿಡುವ ಹಾಗಿರಲಿಲ್ಲ. ಸಂಜೆ ಎಂಟು ಗಂಟೆಗೆ, ಊಟಕ್ಕೆ ಮುಂಚೆ, ಮುಂಬಯಿ ಹತ್ತಿರದ ಡೊಂಬಿವಲಿಯ ಆ ಒಂದೇ ಕೋಣೆಯ ಮನೆಯಲ್ಲಿ ಚಾಪೆ ಹಾಸಿ ನಾಲ್ವರು ಕೂರುತ್ತಿದ್ದೆವು: ನಾನು, ನನ್ನವರು, ಐದು ವರ್ಷದ ಮಗಳು ಮತ್ತು ನನ್ನ ಅತ್ತೆ. ಮೊದಲು ನನ್ನವರ ಪ್ರಾರ್ಥನೆ, ಆಮೇಲೆ ನನ್ನದು. ಕೊನೆಯ ಆಮೆನ್ ಮಾತ್ರ ಅತ್ತೆಯದು. ಅದನ್ನು ಅವರು ಹೇಳುವ ತನಕ ಯಾರೂ ಕಣ್ಣು ತೆರೆಯುವ ಹಾಗಿಲ್ಲ, ತಟ್ಟೆ ಮುಟ್ಟುವ ಹಾಗಿಲ್ಲ.

ನಾನು ಗದಗಿನ ಕಡೆಯವಳು, ನನ್ನವರು ಮಂಗಳೂರಿನ ಕಡೆಯವರು. ಇಬ್ಬರೂ ಹುಟ್ಟು ಕ್ರೈಸ್ತರೇ, ಇಬ್ಬರ ಮಾತೂ ಕನ್ನಡವೇ. ಆದರೂ ಮದುವೆಯಾದ ಹೊಸತರಲ್ಲಿ ನಾನು ಆಡಿದ್ದು ಅವರಿಗೆ ಬೈದಂತೆ ಕೇಳಿಸುತ್ತಿತ್ತು, ಅವರು ಆಡಿದ್ದು ನನಗೆ ಪಾಠ ಓದಿದಂತೆ ಕೇಳಿಸುತ್ತಿತ್ತು. ತಾಯಿ ಮಗ ತುಳುವಿಗೆ ಇಳಿದರೆ ನಾನು ಗೋಡೆ ನೋಡುತ್ತ ಕೂರಬೇಕು. ನನ್ನವರು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಬಣ್ಣದ ಕಾರ್ಖಾನೆಯೊಂದರ ಸೂಪರ್‌ವೈಸರ್. ನಾನು ಠಾಣೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನ್ನ ಸಿಟ್ಟು ಒಗ್ಗರಣೆಯ ಸಾಸಿವೆಯ ಹಾಗೆ, ಚಟಪಟ ಸಿಡಿದು ಮುಗಿಯುತ್ತದೆ. ಅವರಿಗೆ ಸಿಟ್ಟು ಬಂದರೆ ಎಂದಿಗಿಂತ ಹೆಚ್ಚು ಸಭ್ಯರಾಗಿಬಿಡುತ್ತಾರೆ. ಅಂಥವರ ಜೊತೆ ಜಗಳವಾಡುವ ಕಷ್ಟ ಆಡಿದವರಿಗೇ ಗೊತ್ತು.

ಅತ್ತೆ ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಸುಟ್ಟು ಹೊರಬಂದ ಹಂಚುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಒಳ್ಳೆಯದನ್ನು ಈ ಕಡೆ, ಒಡಕನ್ನು ಆ ಕಡೆ ಹಾಕುವುದು ಅವರ ಕೆಲಸ. ಕಣ್ಣಿಗೆ ಕಾಣದ ಬಿರುಕು ದನಿಯಲ್ಲಿ ಸಿಕ್ಕಿಬೀಳುತ್ತದೆ ಅನ್ನುತ್ತಿದ್ದರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಚಾಳಿ ಬಿಟ್ಟಿರಲಿಲ್ಲ. ತೆಂಗಿನಕಾಯಿ, ಕಲ್ಲಂಗಡಿ, ಮಣ್ಣಿನ ಮಡಕೆ, ಯಾವುದನ್ನೂ ತಟ್ಟದೆ ಕೊಳ್ಳುತ್ತಿರಲಿಲ್ಲ. ಮಾರ್ಕೆಟಿನಲ್ಲಿ ತರಕಾರಿ ಮಾರುವ ಭಾಜಿವಾಲಿಯರು ಅವರನ್ನು ದೂರದಿಂದ ನೋಡಿದರೆ ಸಾಕು, ನಗುತ್ತ ಬುಟ್ಟಿಯನ್ನು ಮುಂದಕ್ಕೆ ತಳ್ಳುತ್ತಿದ್ದರು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಪಕ್ಕದ ಊರು ಕಲ್ಯಾಣದಲ್ಲಿ ಮರಾಠಿ ಸಭೆಯವರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ನಮ್ಮ ಕನ್ನಡ ಆರಾಧನೆ ನಡೆಯುತ್ತಿತ್ತು. ಒಂದು ಆದಿತ್ಯವಾರ ಆರಾಧನೆ ಮುಗಿಸಿ ಹೊರಬರುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಪಾದ್ರಿಗಳು ನನ್ನ ಕೈ ಕುಲುಕಿ, "ಬದಲಾಪುರದಲ್ಲಿ ಮನೆ ಬುಕ್ ಮಾಡಿದಿರಂತೆ! ದೇವರಿಗೆ ಸ್ತೋತ್ರ. ನಮ್ಮ ಕ್ವಾಯರ್‌ಗೆ ಮಾತ್ರ ಒಂದು ದನಿ ಕಮ್ಮಿ ಆಯ್ತಮ್ಮ" ಅಂದರು.

ನಮಗೆ ಬದಲಾಪುರದಲ್ಲಿ ಮನೆ ಇದೆ ಅನ್ನುವುದು ನನಗೆ ಗೊತ್ತಾದದ್ದೇ ಆಗ. ಎಲ್ಲ ಗೊತ್ತಿದ್ದವಳ ಹಾಗೆ ಹಲ್ಲು ಕಿರಿದು, "ಹೌದ್ರಿ, ಅಯ್ಯನವರ" ಅಂದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸಾಸಿವೆ ಸಿಡಿಯಿತು.

"ಊರಿಗೆಲ್ಲಾ ಹೇಳೀರಿ, ನನ್ನ ಒಂದ್ ಮಾತು ಕೇಳಬೇಕಿತ್ತಿಲ್ಲರಿ? ಬದಲಾಪುರದಿಂದ ಠಾಣೆಕ್ಕ ನಾ ಹೆಂಗ್ ಹೋಗ್ಲಿ? ಏಳಕ್ಕ ಸಾಲಿ ನಂದು!"

"ಬದಲಾಪುರದಿಂದಲೇ ಟ್ರೇನ್ ಹೊರಡ್ತದೆ. ನಿಂಗೆ ಕೂತ್ಕೊಳ್ಳಿಕ್ಕೆ ಸೀಟ್ ಸಿಗ್ತದೆ" ಎಂದರು ಅವರು ಅತ್ಯಂತ ಸಭ್ಯವಾಗಿ. ಆಮೇಲೆ ಆಡಬಾರದ ಒಂದು ಮಾತನ್ನೂ ಆಡಿದರು. "ಗಂಡ ಅಂದ್ರೆ ಮನೆಯ ತಲೆ ಅಲ್ವಾ. ಕೆಲವು ನಿರ್ಧಾರ ತಲೆಯೇ ಮಾಡ್ಬೇಕಾಗ್ತದೆ."

ಅಲ್ಲಿಗೆ ಮಾತು ನಿಂತಿತು. ನನ್ನ ಸಿಟ್ಟು ಹೀಗೆ ನಿಂತು ಕುದಿದದ್ದು ಅದೇ ಮೊದಲು. ಬದಲಾಪುರ ಎಂದರೆ ಠಾಣೆಗೆ ಈಗಿನ ಎರಡರಷ್ಟಕ್ಕಿಂತ ಹೆಚ್ಚು ದೂರ, ಮಗು ಚಿಕ್ಕದು, ಕೆಲಸ ಬಿಡಬೇಕಾಗಿ ಬಂದರೂ ಬಂತು. ಆ ಕೆಲಸ ನನಗೆ ಜೀವದ ಹಾಗೆ. ಅದಕ್ಕಿಂತ ಹೆಚ್ಚಾಗಿ, ಮದುವೆಯ ದಿನ ಇದೇ ಮನುಷ್ಯನ ಪಕ್ಕದಲ್ಲಿ ನಿಲ್ಲಿಸಿ ಪಾದ್ರಿಗಳು ನನ್ನನ್ನೂ ಕೇಳಿದ್ದರು, "ನಿನಗೆ ಒಪ್ಪಿಗೆಯೋ?" ಅಂತ. ನಾನು ಒಪ್ಪಿಗೆ ಅನ್ನುವವರೆಗೂ ಉಂಗುರ ಕೈಯಲ್ಲೇ ಹಿಡಿದು ಬೆವರುತ್ತ ನಿಂತಿದ್ದರು ಈ ತಲೆ. ನನ್ನನ್ನು ಕೇಳಿ ಶುರುವಾದ ಸಂಸಾರ ಇನ್ನು ಮೇಲೆ ಕೇಳದೆ ನಡೆಯುತ್ತದೆಯೇ ಅನ್ನುವ ಭಯ ನನ್ನನ್ನು ತಿನ್ನುತ್ತಿತ್ತು.

ಮಾತು ಬಿಟ್ಟೆವು ಅಂದೆನಲ್ಲ, ಆದರೆ ಎಂಟು ಗಂಟೆಯಂತೂ ಬಂದೇ ಬರುತ್ತದೆ. ಅವರು ಕಣ್ಣು ಮುಚ್ಚಿ, ಚರ್ಚಿನ ಘನವಾದ ಕನ್ನಡದಲ್ಲಿ ಶುರು ಮಾಡಿದರು: "ಪರಲೋಕದ ತಂದೆಯೇ, ರೈಲು ಹೊರಡುವ ಊರಿನಲ್ಲಿಯೇ ಮನೆಯನ್ನು ಒದಗಿಸಿ ನಿನ್ನ ದಾಸಿಗೆ ಕುಳಿತುಕೊಂಡು ಹೋಗುವ ಭಾಗ್ಯವನ್ನು ಕೊಟ್ಟಿರುವುದಕ್ಕಾಗಿ ಸ್ತೋತ್ರ."

ನನ್ನ ಸರದಿ ಬಂತು. ನಾನೇನು ಕಡಿಮೆಯೇ? "ಕರ್ತನೇ, ನಿನ್ನ ದಾಸಿಗೆ ನಿಂತುಕೊಂಡು ಹೋಗುವ ಬಲವನ್ನು ನೀನು ಕೊಟ್ಟಿದ್ದೀ. ಕೇಳದೆ ಕೊಟ್ಟ ಸೀಟಿನ ಆಸೆಯಿಂದ ಅವಳನ್ನು ಕಾಪಾಡು."

ಅತ್ತೆ ಆಮೆನ್ ಅಂದರು. ದನಿ ಸ್ವಲ್ಪ ತಡವಾಗಿ ಬಂತು, ಅಷ್ಟೇ. ಮರುದಿನ ನನ್ನವರು "ದುಡುಕು ಸ್ವಭಾವದವರಿಗೆ ಶಾಂತಿ" ಬೇಡಿಕೊಂಡರು, ನಾನು "ಅಹಂಕಾರಿಗಳಿಗೆ ದೀನತೆ" ಬೇಡಿಕೊಂಡೆ. ನಿಜ ಹೇಳುತ್ತೇನೆ, ಅಷ್ಟು ಉತ್ಸಾಹದಿಂದ ನಾನು ಅದಕ್ಕೆ ಮುಂಚೆ ಎಂದೂ ಪ್ರಾರ್ಥನೆ ಮಾಡಿದವಳಲ್ಲ. ಬೆಳಗ್ಗೆ ಟ್ರೇನಿನ ಲೇಡೀಸ್ ಬೋಗಿಯಲ್ಲಿ ಜೋತುಬಿದ್ದು ಆ ಸಂಜೆಯ ಪ್ರಾರ್ಥನೆಯ ವಾಕ್ಯಗಳನ್ನು ಹೊಂದಿಸುತ್ತಿದ್ದೆ. ಅದು ಸಾಲದು ಎಂಬಂತೆ, ಅವರಿಗೆ ಕಂಡರಾಗದ ಹಾಗಲಕಾಯಿ ಪಲ್ಯವನ್ನು ಎರಡು ದಿನ ಊಟದ ಡಬ್ಬಿಗೆ ಹಾಕಿ ಕಳಿಸಿದ್ದೆ. ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಯಾರಿಗೋ ಕೊಟ್ಟಿರಬೇಕು ಅಂತ ಅದಕ್ಕೂ ಸಿಟ್ಟು.

ಮೂರನೆಯ ಸಂಜೆ ಬೂತಾಯಿ ಮೀನಿನ ಸಾರು. ಕುಚ್ಚಲಕ್ಕಿ ಅನ್ನ ಬಿಸಿಬಿಸಿ ಹೊಗೆಯಾಡುತ್ತಿತ್ತು. ಅವರು ಪ್ರಾರ್ಥಿಸಿದರು, ನಾನು ಉತ್ತರ ಪ್ರಾರ್ಥಿಸಿದೆ. ಆಮೆನ್‌ಗಾಗಿ ಕಾದೆವು. ಬರಲಿಲ್ಲ. ಪಕ್ಕದ ಮನೆಯ ಟಿವಿಯಲ್ಲಿ ಮರಾಠಿ ಧಾರಾವಾಹಿಯ ಹಾಡು ಮುಗಿದು ಜಾಹೀರಾತು ಶುರುವಾಯಿತು. ಆಗಲೂ ಬರಲಿಲ್ಲ.

ಮಗಳಿಗೆ ಹಸಿವು ತಡೆಯಲಾಗಲಿಲ್ಲ, ಆಟದ ಮಕ್ಕಳ ಹಿಂದಿಯಲ್ಲಿ ಕೂಗಿದಳು. "ಅಜ್ಜೀ, ಆಮೆನ್ ಬೋಲೋ ನಾ, ಭೂಖ್ ಲಗೀ ಹೈ!"

ಠಕ್, ಠಕ್ ಅಂತ ನೆಲದ ಮೇಲೆ ಬೆರಳ ಗೆಣ್ಣಿನ ಸದ್ದು. "ಇಲ್ಲ ಮಗಾ, ಇದಕ್ಕೆ ಆಮೆನ್ ಹೇಳ್ಲಿಕ್ಕೆ ಆಗುದಿಲ್ಲ" ಅಂದರು ಅತ್ತೆ. "ಇದ್ರಲ್ಲಿ ಒಡಕು ಉಂಟು. ಮೂರು ದಿವಸದಿಂದ ಕೇಳ್ತಾ ಇದ್ದೇನೆ. ಆಮೆನ್ ಅಂದ್ರೆ ಎಂತ? ಹಾಗೇ ಆಗಲಿ ಅಂತ. ಇವನು ಒಂದು ಹೇಳ್ತಾನೆ, ಇವಳು ಇನ್ನೊಂದು ಹೇಳ್ತಾಳೆ. ಯಾವುದು ಆಗಲಿ ಅಂತ ನಾನು ಹೇಳುದು? ದೇವರೆಂತ ನಿಮ್ಮ ಮಧ್ಯೆ ಕಾಗದ ಕೊಡುವ ಪೋಸ್ಟ್‌ಮನ್ನಾ?"

ನಾವಿಬ್ಬರೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದೆವು, ತೆರೆಯಲು ನಾಚಿಕೆ.

"ಕಣ್ಣು ಬಿಡಿ" ಎಂದರು. "ಇವತ್ತು ಕಣ್ಣು ಬಿಟ್ಟು ಪ್ರಾರ್ಥನೆ. ಅವಳ ಮುಖ ನೋಡಿ ಹೇಳು ನೀನು."

ಅವರು, "ಅಮ್ಮಾ, ಗಂಡ ಅಂದ್ರೆ ತಲೆ ಅಂತ ಪಾದ್ರಿಗಳೇ..." ಎಂದು ಶುರು ಮಾಡಿದರು.

"ಹೌದು ಮಾರಾಯ, ತಲೆಯೇ. ಕಿವಿ ಇರುದು ಎಲ್ಲಿ? ತಲೆಯಲ್ಲೇ ಅಲ್ವಾ?"

ನನಗೆ ಆ ಸಿಟ್ಟಿನಲ್ಲೂ ನಗು ಬಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅವರು ಮಾತ್ರ ನಗಲಿಲ್ಲ. ಮೂರು ದಿನಗಳಲ್ಲಿ ಮೊದಲ ಸಲ ನನ್ನನ್ನು ನೋಡಿದರು. ಕಣ್ಣು ಮುಚ್ಚಿದಾಗ ನೀರಿನಂತೆ ಹರಿಯುತ್ತಿದ್ದ ಘನ ಕನ್ನಡ ಎಲ್ಲಿ ಹೋಯಿತೋ.

"ನೀನು ಬೇಡ ಅಂತೀ ಅಂತ ಹೆದರಿಕೆ ಆಯ್ತು" ಎಂದರು. "ಬೇಡ ಅಂದ್ರೆ ನಂಗೆ ಬೇರೆ ದಾರಿ ಇರ್ಲಿಲ್ಲ. ಡೊಂಬಿವಲಿಯಲ್ಲಿ ನಮ್ಮ ದುಡ್ಡಿಗೆ ಆಗುವ ಮನೆ ಇಲ್ಲ. ಅಮ್ಮನಿಗೆ ಮಲಗ್ಲಿಕ್ಕೆ ಒಂದು ಕೋಣೆ ಬೇಕು ಅಂತ ನಂಗೆ ಆಸೆ. ಅದಕ್ಕೇ ಕೇಳ್ಲಿಲ್ಲ. ತಪ್ಪಾಯ್ತು." ಆಮೇಲೆ, "ಹಾಗಲಕಾಯಿ ಪೂರ್ತಿ ತಿಂದಿದ್ದೇನೆ. ಯಾರಿಗೂ ಕೊಡ್ಲಿಲ್ಲ" ಅಂದರು.

ನನಗೆ ಅಳು ಒತ್ತರಿಸಿ ಬಂತು. ಮಂಗಳೂರಿನ ಮನುಷ್ಯ ಕೂತು ಎರಡು ದಿನ ಕಹಿ ತಿಂದಿದ್ದಾನೆ, ನಾನು ದೇವರಿಗೆ ಅವನ ಅಹಂಕಾರದ ದೂರು ಕೊಡುತ್ತಿದ್ದೆ. "ಸೀಟಿನ ಸಿಟ್ಟಲ್ಲರಿ ಇದು" ಅಂದೆ. "ಕೇಳಲಿಲ್ಲಲ್ಲ, ಅದರ ಸಿಟ್ಟು. ಕೇಳಿದ್ರ ನಾ ಬ್ಯಾಡ ಅಂತಿದ್ದೆ, ಖರೇನ. ಆದ್ರ ಆಮ್ಯಾಲೆ ಕೂತು ಮಾತಾಡ್ತಿದ್ದಿವಿ. ನನ್ನ ಬಿಟ್ಟು ನೀವೊಬ್ರ ಮನಿ ಕಟ್ಟಿದ್ರ ಅದರಾಗ ನಾ ಬಾಡಿಗಿಗೆ ಇದ್ದಂಗ."

"ಹಾಂ, ಈಗ ದನಿ ಸರಿ ಉಂಟು" ಎಂದರು ಅತ್ತೆ, ಮತ್ತೊಮ್ಮೆ ನೆಲ ತಟ್ಟಿ. "ಆಮೆನ್." ಸಾರು ಆರಿ ತಣ್ಣಗಾಗಿತ್ತು. ಯಾರೂ ಬಿಸಿ ಮಾಡಲಿಲ್ಲ, ಹಾಗೇ ಉಂಡೆವು.

ಮುಂದಿನ ಆದಿತ್ಯವಾರ ನಾಲ್ವರೂ ಬದಲಾಪುರಕ್ಕೆ ಹೋಗಿ ಆ ಮನೆ ನೋಡಿದೆವು. ಅತ್ತೆ ಎಲ್ಲ ಗೋಡೆಗಳನ್ನೂ ತಟ್ಟುತ್ತ ಹೋದರು, ಬಿಲ್ಡರನ ಮನುಷ್ಯ ಗಾಬರಿಯಾಗಿ ಹಿಂದೆ ಹಿಂದೆ ಬಂದ. ನನ್ನವರು ಖಾಲಿ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿ, ಮದುವೆಯ ದಿನದಷ್ಟೇ ಬೆವರುತ್ತ, "ಈ ಮನೆ ನಾವು ತಗೊಳ್ಳುವನಾ?" ಎಂದು ಕೇಳಿದರು. ಕಿಟಕಿಯಿಂದ ದೂರದ ಗುಡ್ಡ ಕಾಣುತ್ತಿತ್ತು, ಗಾಳಿ ಬರುತ್ತಿತ್ತು. ಮೂರು ದಿನ ದೇವರ ಮುಂದೆ ಬದಲಾಪುರದ ವಿರುದ್ಧ ವಾದಿಸಿದವಳು ಹೂಂ ಅಂದೆ. ಬೆಳಗಿನ ಟ್ರೇನಿನಲ್ಲಿ ಸೀಟು ನಿಜವಾಗಿಯೂ ಸಿಗುತ್ತಿತ್ತು, ಆ ವಿಷಯದಲ್ಲಿ ಅವರು ಸತ್ಯವಂತರು. ಠಾಣೆ ತಲುಪುವುದರೊಳಗೆ ಒಂದು ಕಟ್ಟು ನೋಟ್‌ಬುಕ್ ತಿದ್ದಿ ಮುಗಿಸುತ್ತಿದ್ದೆ. ಕ್ವಾಯರ್ ಕೂಡ ಬಿಡಲಿಲ್ಲ.

ಆ ಮನೆಯ ತಮ್ಮ ಕೋಣೆಯಲ್ಲಿ ಅತ್ತೆ ಏಳು ವರ್ಷ ಇದ್ದರು. ಒಂದು ಬೆಳಗ್ಗೆ ನಿದ್ದೆಯಲ್ಲೇ ದೇವರು ಕರೆದುಕೊಂಡ. ಅವರಿಲ್ಲದ ಮೊದಲ ಸಂಜೆ ಪ್ರಾರ್ಥನೆ ಮುಗಿಸಿ ನಾವು ಮೂವರೂ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದೆವು. ಯಾರನ್ನು ಕಾಯುತ್ತಿದ್ದೇವೆ ಅಂತ ಹೊಳೆದಾಗ ಬಹಳ ಸಂಕಟವಾಯಿತು. ಆಮೇಲೆ ಒಬ್ಬರ ಪ್ರಾರ್ಥನೆಗೆ ಇನ್ನೊಬ್ಬರು ಆಮೆನ್ ಹೇಳುವುದು ಅಂತ ಮಾಡಿಕೊಂಡೆವು.

ಅದಾಗಿ ಎರಡು ವರ್ಷಕ್ಕೆ ನಮ್ಮ ಶಾಲೆಯವರು ನೆರೂಳಿನಲ್ಲಿ ಹೊಸ ಶಾಖೆ ತೆರೆದರು. ಮುಖ್ಯೋಪಾಧ್ಯಾಯಿನಿಯಾಗಿ ಹೋಗುತ್ತೀರಾ ಎಂದು ನನ್ನನ್ನು ಕೇಳಿದರು. ಠಾಣೆಯಲ್ಲಿ ಟ್ರೇನು ಬದಲಿಸಿ ನವಿ ಮುಂಬಯಿಗೆ ಹೋಗಬೇಕು, ಮನೆಗೆ ಬರುವಾಗ ಎಂಟೂ ದಾಟಬಹುದು. ನಾನು ನಿಂತಲ್ಲೇ ಹೂಂ ಅಂದು, ಕಾಗದಕ್ಕೆ ಸಹಿಯನ್ನೂ ಹಾಕಿಬಿಟ್ಟೆ. ಖುಷಿಗೆ ಕಾಲು ನೆಲದ ಮೇಲಿರಲಿಲ್ಲ. ಸ್ಟೇಷನ್ ಹತ್ತಿರ ಪೇಡಾ ಕಟ್ಟಿಸಿಕೊಂಡು ಬಂದೆ. ಊಟವಾದ ಮೇಲೆ ಹೇಳೋಣ ಅಂತಿದ್ದೆ, ಆದರೆ ಬಾಯಿ ತಡೆಯಬೇಕಲ್ಲ. ಪ್ರಾರ್ಥನೆಯಲ್ಲೇ, "ಕರ್ತನೇ, ನೆರೂಳಿನ ಶಾಲೆಯ ಹೊಣೆಯನ್ನು ನಿನ್ನ ದಾಸಿಯ ಕೈಗೆ ಒಪ್ಪಿಸಿರುವುದಕ್ಕಾಗಿ ಸ್ತೋತ್ರ" ಅಂದೆ.

ಆಮೆನ್ ಬರಲಿಲ್ಲ.

ಠಕ್, ಠಕ್.

ಥಟ್ಟನೆ ಕಣ್ಣು ಬಿಟ್ಟೆ. ನನ್ನವರ ಬೆರಳ ಗೆಣ್ಣು ನೆಲದ ಮೇಲಿತ್ತು, ಕಣ್ಣು ಆಗಲೇ ತೆರೆದಿತ್ತು, ತುಟಿಯ ಮೂಲೆಯಲ್ಲಿ ಸಣ್ಣ ನಗು. "ಒಡಕು ಉಂಟಲ್ಲ ಮಾರಾಯ್ತಿ" ಎಂದರು.

ನನ್ನ ಬಾಯಲ್ಲಿ ಹತ್ತು ಸಮಜಾಯಿಷಿ ಬಂದು ನಿಂತವು. ಕೇಳಲು ಹೊತ್ತಿರಲಿಲ್ಲ, ನೀವು ಹೇಗೂ ಒಪ್ಪುತ್ತಿದ್ದಿರಿ, ಹೀಗೆ. ಒಂದನ್ನೂ ಹೇಳಲಿಲ್ಲ, ಯಾಕೆಂದರೆ ನಿಜ ನನಗೆ ಗೊತ್ತಿತ್ತು. ಇವರು ಬೇಡ ಅಂದರೆ ಏನು ಮಾಡಲಿ ಅಂತ ಹೆದರಿಯೇ ನಾನು ಕೇಳಿರಲಿಲ್ಲ. ಡೊಂಬಿವಲಿಯಲ್ಲಿ ಅವರನ್ನು ಕಾಡಿದ ಅದೇ ಹೆದರಿಕೆ. ಆ ದಿನ ಅವರ ತಪ್ಪನ್ನು ಕ್ಷಮಿಸಿದ್ದೆ, ಹೆದರಿಕೆ ಅರ್ಥವಾದದ್ದು ಮಾತ್ರ ಈಗ.

"ತಪ್ಪಾತ್ರಿ" ಅಂದೆ. "ಈಗ ಕೇಳ್ತೀನಿ. ನಾ ನೆರೂಳಿಗೆ ಹೋಗ್ಲೇನ್ರಿ? ಬ್ಯಾಡ ಅಂದ್ರ ನಾಳೆ ಹೋಗಿ ಹೇಳಿ ಬರ್ತೀನಿ."

ಅವರು ಗಡಿಯಾರ ನೋಡಿದರು. ಎಂಟು ದಾಟಿದರೆ ಅನ್ನಕ್ಕೆ ಇಡುವವರು ಯಾರು ಅಂತ ಲೆಕ್ಕ ಹಾಕಿದರೋ ಏನೋ, ಅಡುಗೆಮನೆಯ ಕಡೆ ನೋಡಿದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

ಹತ್ತನೆಯ ತರಗತಿ ಹತ್ತಿರ ಬಂದಿದ್ದ ಮಗಳು ಒಂದೇ ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದಳು. "ಪಪ್ಪಾ, ಆಮೆನ್ ಬೋಲೋ ನಾ, ಭೂಖ್ ಲಗೀ ಹೈ."

"ಪ್ರಾರ್ಥನೆ ಒಂಬತ್ತಕ್ಕೆ ಇಡುವ" ಅಂದರು ಅವರು. "ನೀನು ಬಂದ ಮೇಲೆ. ಅನ್ನ ನಾನು ಮಾಡ್ತೇನೆ." ಮತ್ತೆ ಒಮ್ಮೆ ನೆಲ ತಟ್ಟಿ, ಅವರಮ್ಮನ ಹಾಗೆಯೇ ಕಿವಿ ವಾಲಿಸಿ ಕೇಳಿ, ಆಮೆನ್ ಅಂದರು.