ಫೋರ್ಮನ್ ಕಾಕಾನ ಶನಿವಾರ

ಅವರ ಬಲಗೈ ಹೆಬ್ಬೆರಳು ಸದಾ ಬೆಳ್ಳಗಿರುತ್ತಿತ್ತು, ಸೀಮೆಸುಣ್ಣದಿಂದ. ಎಣ್ಣೆ ಮೆತ್ತಿದ ನಮ್ಮ ಕೈಗಳ ನಡುವೆ ಆ ಕೈ ದೂರದಿಂದಲೇ ಗುರುತು ಸಿಗುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಮುಂಬೈ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಶಾಫ್ಟ್ ಮಾಡುವ ಕಾರ್ಖಾನೆ. ತಿರುಗುವ ಶಾಫ್ಟಿಗೆ ಫೋರ್ಮನ್ ಕಾಕಾ ಸೀಮೆಸುಣ್ಣ ಹಿಡಿದರೆ ಸೊಟ್ಟಗಿದ್ದ ಕಡೆ ಮಾತ್ರ ಬಿಳಿ ಬೀಳುತ್ತಿತ್ತು. ಅದನ್ನು ನೇರ ಮಾಡಿದ ಮೇಲಷ್ಟೇ ಪಾಸಾಯಿತೆಂದು ತಮ್ಮ ಗುರುತಿನ ಪಂಚ್ ಹೊಡೆಯುತ್ತಿದ್ದರು.

ಕಾಕಾ ಠಾಣೆಯ ಯಹೂದಿ. ಮನೆಮಾತು ಮರಾಠಿ, ವಿಜಾಪುರದ ನಮ್ಮಂಥವರ ಸಹವಾಸದಿಂದ ಕನ್ನಡವೂ ಬಂದಿತ್ತು, ಮೊದಲು ಬೈಗುಳ, ಆಮೇಲೆ ಉಳಿದದ್ದು. ಅವರ ಧರ್ಮದ ವಿಶ್ರಾಂತಿ ದಿನವಾದ ಶನಿವಾರ ಅವರು ಕೆಲಸ ಮುಟ್ಟುವವರಲ್ಲ. ನಮಗೆಲ್ಲ ವಾರದ ರಜೆಯಿದ್ದ ಶುಕ್ರವಾರ ಬಂದು ಯಂತ್ರ ರಿಪೇರಿ ಮಾಡಿ, ಆ ಒಂದು ದಿನವನ್ನು ಉಳಿಸಿಕೊಂಡಿದ್ದರು. ಶನಿವಾರದ ಮಟ್ಟಿಗೆ ಪಂಚ್ ನನ್ನ ಕೈಗೆ.

ಒಂದು ಶನಿವಾರ ಊರಿಂದ ತಂಗಿ ಬರುವವಳಿದ್ದಳು. ಕಲ್ಯಾಣ ಸ್ಟೇಷನ್ನಿಗೆ ಓಡುವ ಅವಸರದಲ್ಲಿ ಸೀಮೆಸುಣ್ಣ ಹಿಡಿಯದೇ ಹನ್ನೆರಡು ಶಾಫ್ಟಿಗೆ ಪಂಚ್ ಹೊಡೆದುಬಿಟ್ಟೆ. ವಾರದೊಳಗೆ ಹನ್ನೆರಡೂ ಸೊಟ್ಟವೆಂದು ಗಿರಾಕಿಯಿಂದ ವಾಪಸ್ ಬಂದವು.

"ಚೆಕ್ ಕಿಯಾ ಥಾ?" ಚೆಕ್ ಮಾಡಿದ್ದೆಯಾ ಎಂದು ಮಾಲೀಕ ಸೇಠ್ ನನ್ನನ್ನು ಕೇಳಿದರು.

"ಹಾಂ ಸೇಠ್," ಎಂದೆ. ಕಾಕಾ ಕಲಿಸಿದ ಹಾಗೇ ಎಂದೂ ಸೇರಿಸಿದೆ.

ಸೇಠ್ ಕಾಕಾನ ಕಡೆ ತಿರುಗಿದರು. "ತುಮ್ ನಹೀ ರಹತೇ, ಇಸೀಲಿಯೇ. ಶನಿವಾರ್ ಕೀ ಛುಟ್ಟಿ ಬಂದ್!" ನೀನಿಲ್ಲದ್ದಕ್ಕೇ ಹೀಗಾಯಿತು, ಇನ್ನು ಶನಿವಾರದ ರಜೆ ಇಲ್ಲ ಎಂದು.

ಕಾಕಾ ಒಂದು ಶಾಫ್ಟನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಸುಣ್ಣದ ಸುಳಿವಿರಲಿಲ್ಲ. ಅದನ್ನು ಕೆಳಗಿಟ್ಟು ತಮ್ಮ ಕೆಲಸಕ್ಕೆ ನಡೆದರು.

ಚಹಾದ ಹೊತ್ತಿಗೆ ಪಕ್ಕದಲ್ಲಿ ಕೂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. "ಶನಿವಾರ ಬರ್ತೀರೇನು ಕಾಕಾ?"

"ಇಲ್ಲೋ. ನೌಕರೀನ ಬಿಡ್ತೀನಿ." ಕಾಕಾ ಬಶಿಗೆ ಚಹಾ ಸುರುವಿದರು. "ನಮ್ಮ ಪ್ರಾರ್ಥನ್ಯಾಗ ಒಂದು ಹೀಬ್ರೂ ಶಬ್ದ ಐತಿ, ಅಶ್ರೇ. ಸುಖವಂತ ಅಂತ ಅರ್ಥ. ಅದರ ಬೇರು ಸೀದಾ ನಡಿಯೋದು ಅಂತ ನಮ್ಮಪ್ಪ ಹೇಳ್ತಿದ್ದ. ಸೀದಾ ನಡದಾಂವಗ ಸುಖ ಹುಡಕೋ ಕೆಲಸಿಲ್ಲ. ಕುಡಿ, ಚಹಾ ಆರತೈತಿ."

ಚಹಾ ಅಲ್ಲೇ ಇಟ್ಟೆ. ಎದ್ದು ಸೇಠ್ ಹತ್ತಿರ ಹೋಗಿ, ನಾನು ಚೆಕ್ ಮಾಡಿರಲಿಲ್ಲ, ಸುಳ್ಳು ಹೇಳಿದ್ದೆ ಎಂದೆ. ಒಂದು ತಿಂಗಳು ನನ್ನನ್ನು ಲೋಡಿಂಗಿಗೆ ಹಾಕಿದರು. ಎಲ್ಲರೆದುರು ನಾಚಿಕೆಯಾಯಿತು. ಆದರೆ ಕಾಕಾನ ಶನಿವಾರ ಉಳಿಯಿತು. ಅವತ್ತು ರಾತ್ರಿ ಮುಂಬ್ರಾದ ನನ್ನ ಬಾಡಿಗೆ ಖೋಲಿಯಲ್ಲಿ ತಂಗಿ ಮಾಡಿದ ರೊಟ್ಟಿ ಹೊಟ್ಟೆ ತುಂಬ ಉಂಡೆ.

ತಿಂಗಳು ಮುಗಿದ ಗುರುವಾರ ಸಂಜೆ ಕಾಕಾ ಬಂದು ನನ್ನ ಅಂಗೈಯಲ್ಲಿ ಪಂಚ್ ಇಟ್ಟರು.

"ಶನಿವಾರ ನಾ ಇರಂಗಿಲ್ಲ," ಎಂದರು. ಅಷ್ಟೇ.

ಆ ದಶಕ ಮುಗಿಯುವ ಮೊದಲೇ ಕಾಕಾ ಹೋದರು. ಸುದ್ದಿ ಬಂದಾಗ ಯಂತ್ರದ ಮುಂದಿದ್ದೆ. ಕೈ ತೊಳೆಯದೇ ಠಾಣೆಗೆ ಮಣ್ಣಿಗೆ ಓಡಿದೆ. ಹಿಡಿ ಮಣ್ಣು ಹಾಕುವಾಗ ನೋಡಿಕೊಂಡೆ, ನನ್ನ ಹೆಬ್ಬೆರಳು ಬೆಳ್ಳಗಿತ್ತು.