ತಪ್ಪುಗಳ ಪಟ್ಟಿಯಲ್ಲಿ ಮೊದಲ ಹೆಸರು

ತಮಿಳುನಾಡಿನ ಕಂಬಂ ಊರಿನ ಟ್ರಸ್ಟ್ ಆಸ್ಪತ್ರೆಯಲ್ಲಿ ಮಣಿಮೇಗಲೈ ಇಪ್ಪತ್ತಾರು ವರ್ಷ ದುಡಿದಳು, ಅದರಲ್ಲಿ ಹದಿನಾಲ್ಕು ವರ್ಷ ಹೆಡ್ ನರ್ಸಾಗಿ. ಅಷ್ಟು ವರ್ಷದಲ್ಲಿ ಅವಳು ಮನಸಾರೆ ಗೌರವಿಸಿದ್ದು ಇಬ್ಬರನ್ನೇ. ಒಬ್ಬರು ಆಸ್ಪತ್ರೆ ಶುರು ಮಾಡಿ ತೀರಿಹೋದ ಹಳೇ ಡಾಕ್ಟರು, ಇನ್ನೊಬ್ಬಳು ಹೆರಿಗೆ ವಾರ್ಡು ತೊಳೆಯುತ್ತಿದ್ದ ಆಯಾ. ಮಿಕ್ಕವರೆಲ್ಲ ಅವಳ ಕಣ್ಣಿಗೆ ಅರೆಬೆಂದ ಕಾಳುಗಳು. ಹೊಸ ನರ್ಸುಗಳಿಗೆ ನರ ಹುಡುಕಲು ಬಾರದು, ಕಾಂಪೌಂಡರಿಗೆ ಚೀಟಿ ಓದಲು ಬಾರದು, ರೋಗಿಗಳಿಗೆ ರೋಗ ಶುರುವಾದಾಗ ಬರಲು ಬಾರದು. ಟ್ರಸ್ಟಿನ ದೊಡ್ಡ ಮನುಷ್ಯರಿಗಂತೂ ಮೀಟಿಂಗಿನಲ್ಲಿ ವಡೆ ತಿನ್ನುವುದು ಬಿಟ್ಟು ಏನೂ ಬಾರದು.

ಆ ದೊಡ್ಡ ಮನುಷ್ಯರೆಲ್ಲ ಅವಳದೇ ಜನ. ಎಷ್ಟೋ ತಲೆಮಾರಿನ ಹಿಂದೆ ಈ ಕಣಿವೆಗೆ ಬಂದು ಬೇರು ಬಿಟ್ಟ ಕನ್ನಡದ ಒಕ್ಕಲು ಮನೆಗಳವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಟ್ರಸ್ಟಿನ ಅಧ್ಯಕ್ಷ ಧನಪಾಲ್ ಬಾಳೆಕಾಯಿ ಮಂಡಿಯವನು. ಮಣಿಮೇಗಲೈಗೆ ದೂರದ ವರಸೆಯಲ್ಲಿ ಅಣ್ಣ ಆಗಬೇಕು. ಗೊನೆಯನ್ನು ತಟ್ಟಿ ನೋಡಿ ಎಷ್ಟು ದಿನಕ್ಕೆ ಹಣ್ಣಾಗುತ್ತದೆ ಎಂದು ಹೇಳಬಲ್ಲ. ಆದರೆ ಅರವತ್ತು ಹಾಸಿಗೆಯ ತನ್ನ ಆಸ್ಪತ್ರೆ ಕೊಳೆಯುತ್ತಿರುವುದು ಅವನ ಮೂಗಿಗೆ ಬಿದ್ದದ್ದು ಒಳಗೆ ಹನ್ನೊಂದು ರೋಗಿಗಳು ಉಳಿದ ಮೇಲೆ. ಆ ಹನ್ನೊಂದರಲ್ಲೂ ಮೂವರು ಟ್ರಸ್ಟಿಗಳ ನೆಂಟರು, ಸುಸ್ತು ಅಂತ ಗ್ಲೂಕೋಸ್ ಏರಿಸಿಕೊಂಡು ಟೀವಿ ನೋಡಲು ಬಂದವರು.

ಆಸ್ಪತ್ರೆ ಸರಿಪಡಿಸಲು ಧನಪಾಲ್ ಒಬ್ಬ ಸಲಹೆಗಾರನನ್ನು ಕರೆಸಿದ. ಹೆಸರು ಮೋಹನ್‌ರಾಜ್. ಹುಟ್ಟೂರು ದಿಂಡಿಗಲ್, ಆಫೀಸು ಚೆನ್ನೈ. ಕೊಡೈಕಾನಲ್‌ನಲ್ಲಿ ಮುಳುಗುತ್ತಿದ್ದ ಎರಡು ಹೋಟೆಲುಗಳನ್ನು ಮೇಲೆತ್ತಿದವನಂತೆ. ಅವನು ಮೂರು ವಾರ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕಾರಿಡಾರಿನಲ್ಲಿ ತಿರುಗಿದ. ಹೆಜ್ಜೆ ಎಣಿಸಿದ, ಗೋಡೆಗಳ ಫೋಟೋ ತೆಗೆದ. ಡ್ರೆಸ್ಸಿಂಗ್ ರೂಮಿಗೆ ಒಂದೇ ಒಂದು ಸಲ ಬಂದ. ಒಬ್ಬ ಮುದುಕನ ಕಾಲಿನ ಹುಣ್ಣು ಕಂಡು ಕರವಸ್ತ್ರ ಮೂಗಿಗಿಟ್ಟು ಹಾಗೇ ಹಿಂದಕ್ಕೆ ಸರಿದ.

"ಇನ್ನು ಮೇಲೆ ರೋಗಿ ಅನ್ನೋ ಮಾತು ಬೇಡ ಸಿಸ್ಟರ್. ಅತಿಥಿ ಅನ್ನಿ," ಎಂದ ಬಾಗಿಲಾಚೆಯಿಂದಲೇ.

"ಆಗ್ಲಿ ಸಾರ್. ಹೋಗುವಾಗ ಮತ್ತೆ ಮತ್ತೆ ಬರ್ತಾ ಇರಿ ಅಂತ ಹರಸಿ ಕಳಿಸಲಾ?" ಎಂದಳು ಮಣಿಮೇಗಲೈ. ಅವನು ಅದನ್ನು ಮೆಚ್ಚುಗೆಯೆಂದೇ ತಿಳಿದು ಬರೆದುಕೊಂಡ.

ಇದನ್ನೆಲ್ಲ ಅವಳು ಡಾಕ್ಟರ್ ಕಾರ್ತಿಕಾ ಮುಂದೆ ಆಡಿ ನಗುತ್ತಿದ್ದಳು. ಕಾರ್ತಿಕಾ ಸೇರಿ ಒಂದೂವರೆ ವರ್ಷವಾಗಿತ್ತು, ಉತ್ತಮಪಾಳಯದ ಹುಡುಗಿ. ಮನೆಮಾತು ಕನ್ನಡವೇ ಆದರೂ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರಿಸುವ ಪೀಳಿಗೆಯವಳು. ಒಂದು ದಿನ ಅವಳು ನಗಲಿಲ್ಲ.

"ಅಕ್ಕಾ, ಅವನಿಗೆ ಗೊತ್ತಿಲ್ಲ, ಒಪ್ಪಿದೆ. ನಿಮಗೆ ಗೊತ್ತಾ, ಜನ ಯಾಕೆ ಬರ್ತಿಲ್ಲ ಅಂತ?" ಎಂದಳು ತಮಿಳಿನಲ್ಲಿ.

"ಗೊತ್ತಿಲ್ದೆ ಏನು? ನಿಯತ್ತಿಲ್ಲದ ಜನ. ನಾವು ಸಾಯೋರನ್ನ ಬದುಕಿಸಿ ಕಳಿಸ್ತೀವಿ, ಅವರು ಥಳಥಳ ಅನ್ನೋ ಬೋರ್ಡು ಕಂಡ ಕಡೆ ಓಡ್ತಾರೆ."

"ಹೋಗಿ ಕೇಳಿದೀರಾ?"

ಈ ಒಂದು ಮಾತು ಮಣಿಮೇಗಲೈಯನ್ನು ಚುಚ್ಚಿತು. ಕೇಳದೆ ಮಾತಾಡುವವರನ್ನು ಕಂಡರೆ ಅವಳಿಗೆ ಆಗದು, ಈಗ ತಾನೇ ಆ ಸಾಲಿನಲ್ಲಿ ನಿಂತಂತಾಯಿತು. ಹೊರರೋಗಿಗಳ ಹಳೆಯ ಓಪಿ ರಿಜಿಸ್ಟರು ತೆಗೆದು, ಒಂದು ಸಲ ಬಂದು ಮತ್ತೆ ಬಾರದವರ ಹೆಸರುಗಳನ್ನು ಶಾಲೆಯ ನೋಟುಪುಸ್ತಕಕ್ಕೆ ಇಳಿಸಿಕೊಂಡಳು. ನಾಲ್ಕು ಭಾನುವಾರ ಬಸ್ಸು ಹತ್ತಿ ಊರೂರು ಅಲೆದಳು.

ಜನ ಹೇಳಿದ್ದರಲ್ಲಿ ಸೋಜಿಗದ್ದು ಏನೂ ಇರಲಿಲ್ಲ. ಏಲಕ್ಕಿ ತೋಟದ ಕೆಲಸಕ್ಕೆ ಘಾಟಿ ಹತ್ತುವ ಹೆಂಗಸರ ಜೀಪು ಬೆಳಗ್ಗೆ ಆರೂವರೆಗೆ ಹೊರಡುತ್ತದೆ. ಆಸ್ಪತ್ರೆಯ ಓಪಿ ಶುರುವಾಗುವುದು ಹತ್ತೂವರೆಗೆ, ಯಾಕೆಂದರೆ ಈಗಿನ ಹಿರಿಯ ಡಾಕ್ಟರು ಅಲ್ಲಿಯವರೆಗೆ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿರುತ್ತಾರೆ. ಇವತ್ತು ರಕ್ತ ಕೊಟ್ಟರೆ ರಿಪೋರ್ಟು ನಾಳೆ, ಅಂದರೆ ಎರಡು ದಿನದ ಕೆಲಸ ಹಾಳು. ಅಷ್ಟಾಗಿಯೂ ಬಂದು ಸಾಲಿನಲ್ಲಿ ಕೂತರೆ ಟ್ರಸ್ಟಿಗಳ ನೆಂಟರು ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗುತ್ತಾರೆ. ಹೆಂಗಸರನ್ನು ಪರೀಕ್ಷಿಸುವ ರೂಮಿನ ಪರದೆ ಹರಿದು ವರ್ಷವಾಗಿದೆ. ಇದೆಲ್ಲ ಅವಳು ದಿನವೂ ಕಂಡದ್ದೇ. ಕಂಡೂ ಕಂಡೂ ಕಣ್ಣಿಗೆ ಕಾಣದಂತಾಗಿತ್ತು, ಅಷ್ಟೇ.

ನಾಲ್ಕನೆಯ ಭಾನುವಾರ ಓಡೈಪಟ್ಟಿಗೆ ಹೋದಳು. ದ್ರಾಕ್ಷಿ ಚಪ್ಪರದ ಕೆಳಗೆ ಒಬ್ಬ ಹೆಂಗಸು ಗೋಣಿಯ ಮೇಲೆ ಕೂತು ಗೊಂಚಲುಗಳಿಂದ ಒಡೆದ ಹಣ್ಣನ್ನು ಕತ್ತರಿಯಿಂದ ತೆಗೆಯುತ್ತಿದ್ದಳು. ಹೆಸರು ನಾಗಮ್ಮಾಳ್. ಸಕ್ಕರೆ ಕಾಯಿಲೆ, ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣು ಎಂದು ಪುಸ್ತಕದಲ್ಲಿತ್ತು. ಈಗ ಆ ಕಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

"ವಾ ತಾಯಿ, ಬಾ, ಕುಂತ್ಕೋ," ಎಂದು ನಾಗಮ್ಮಾಳ್ ಪಕ್ಕದಲ್ಲಿ ಜಾಗ ಮಾಡಿದಳು. ಗುರುತು ಸಿಕ್ಕಿತ್ತು. "ನೀನು ಆ ದೊಡ್ಡ ನರ್ಸಮ್ಮ ತಾನೇ?"

"ಹೌದಕ್ಕಾ. ಒಂದು ಸಲ ಬಂದು ಕಟ್ಟಿಸ್ಕೊಂಡು ಹೋದಿರಿ. ಆಮೇಲೆ ಯಾಕೆ ಬರಲಿಲ್ಲ?"

ನಾಗಮ್ಮಾಳ್ ಕತ್ತರಿ ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡ. ನೀನು ಅಷ್ಟು ಜನರ ಮುಂದೆ ಕೇಳ್ದೆ, ಈ ಕಾಲು ಕೊಳೆಯೋ ಗಂಟ ಯಾವ ಎಮ್ಮೆ ಕಾಯ್ತಿದ್ದೆ, ಈ ನಾತ ನಿನ್ನ ಮೂಗಿಗೇ ಬರಲಿಲ್ವಾ ಅಂತ. ನೀನು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ನನ್ನ ಸೊಸೆಯ ತಮ್ಮ ಕೂತಿದ್ದ. ಸಂಬಂಧಿಗಳ ಮನೆಯಲ್ಲೆಲ್ಲ ಆ ಮಾತು ಓಡಾಡ್ತು. ಮತ್ತೆ ಅಲ್ಲಿಗೆ ಬರಕ್ಕೆ ಮುಖ ಇರಲಿಲ್ಲ. ನಾನೇ ಅರಿಶಿನ ಹಾಕಿ ಕಟ್ಟಿಕೊಂಡೆ."

ಸಿಟ್ಟಿನಿಂದ ಹೇಳಿದ್ದರೆ ಮಣಿಮೇಗಲೈ ತಿರುಗಿ ಏನಾದರೂ ಅನ್ನುತ್ತಿದ್ದಳು. ನಾಗಮ್ಮಾಳ್ ಬಸ್ಸು ತಪ್ಪಿದ ಸಂಗತಿ ಹೇಳುವವಳ ಹಾಗೆ ಹೇಳಿ, ಒಂದು ಒಳ್ಳೆಯ ಗೊಂಚಲು ಆರಿಸಿ ಅವಳ ಮಡಿಲಿಗೆ ಹಾಕಿದಳು. ಬಸ್ಸಿನಲ್ಲಿ ಆ ಗೊಂಚಲನ್ನು ಮಡಿಲಲ್ಲೇ ಇಟ್ಟುಕೊಂಡು ಊರು ಸೇರಿದಳು. ಎರಡು ದಿನ ಆಸ್ಪತ್ರೆಯಲ್ಲಿ ಯಾರನ್ನೂ ಬೈಯಲಿಲ್ಲ. ಹುಷಾರಿಲ್ಲವೇನೋ ಎಂದು ಹೊಸ ನರ್ಸುಗಳು ಪಿಸುಗುಟ್ಟಿದರು.

ಮೂರನೆಯ ದಿನ ಅವಳ ತಿರಸ್ಕಾರವೆಲ್ಲ ಮರಳಿ ಬಂತು. ತಿರಸ್ಕರಿಸಬೇಕಾದವರ ಪೈಕಿ ತಾನೂ ಒಬ್ಬಳು ಸೇರಿದ್ದಳು, ಅಷ್ಟೇ. ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಮಾಡಿಟ್ಟಿದ್ದ ಆಸ್ಪತ್ರೆಯ ತಪ್ಪುಗಳ ಪಟ್ಟಿ ಹರಿದು ಮತ್ತೆ ಬರೆದಳು.

ಮೋಹನ್‌ರಾಜ್ ವರದಿ ಒಪ್ಪಿಸುವ ಟ್ರಸ್ಟಿನ ಮೀಟಿಂಗ್ ದಿನ ಚಿನ್ನಾಳಪಟ್ಟಿಯ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಳು. ಮೋಹನ್‌ರಾಜ್ ಪರದೆಯ ಮೇಲೆ ಅರವತ್ತನಾಲ್ಕು ಚಿತ್ರ ತೋರಿಸಿದ. ಬಾಗಿಲಲ್ಲಿ ಮೀನಿನ ತೊಟ್ಟಿ, ನೆಲದ ಮೇಲೆ ದಾರಿ ತೋರಿಸುವ ಬಣ್ಣದ ಗೆರೆಗಳು, ಟೋಕನ್ ಮೆಷಿನ್ನು, ಆಸ್ಪತ್ರೆಗೆ ಹೊಸ ಹೆಸರು, ನರ್ಸುಗಳಿಗೆ ನಗುವ ತರಬೇತಿ. ಟ್ರಸ್ಟಿಗಳು ಹದಿಮೂರು ಜನ ತಲೆಯಾಡಿಸಿದರು. ಮೀನಿನ ತೊಟ್ಟಿಯ ವಿಷಯದಲ್ಲಿ ಮಾತ್ರ ಬಿಸಿಬಿಸಿ ಚರ್ಚೆ ನಡೆಯಿತು: ಬಂಗಾರದ ಬಣ್ಣದ ಮೀನೋ, ಕಪ್ಪು ಮೀನೋ.

ಕೊನೆಗೆ ಕಾರ್ತಿಕಾ ಎದ್ದು, ಸಿಬ್ಬಂದಿಯ ಕಡೆಯಿಂದ ಸಿಸ್ಟರ್ ಸ್ವಲ್ಪ ಮಾತಾಡಲಿ ಎಂದಳು. ಧನಪಾಲ್ ಗಡಿಯಾರ ನೋಡಿದ. "ಐದು ನಿಮಿಷಮ್ಮಾ."

ಮಣಿಮೇಗಲೈ ಕನ್ನಡದಲ್ಲೇ ಶುರುಮಾಡಿದಳು. ಮನೆಯ ಹುಳುಕು ಮನೆಮಾತಿನಲ್ಲೇ ಆಡಬೇಕು ಎಂಬುದು ಅವಳ ಲೆಕ್ಕ. ಮೋಹನ್‌ರಾಜ್ ಅರ್ಥವಾಗದೆ ಮುಗುಳ್ನಗುತ್ತ ಕೂತ.

"ಮೊದಲನೇ ತಪ್ಪು ನನ್ನದು. ನನ್ನ ಬಾಯಿಗೆ ಹೆದರಿ ಬರೋದು ಬಿಟ್ಟವರು ಈ ಪುಸ್ತಕದಲ್ಲಿ ಒಂಬತ್ತು ಜನ. ಅವರಲ್ಲಿ ಒಬ್ಬಳ ಕಾಲು ಹೋಗಿದೆ." ಅವಳು ಹಾಳೆ ತಿರುವಿದಳು. "ಎರಡನೇ ತಪ್ಪು ಪಕ್ಕದ ಬಾಗಿಲು. ಅದಕ್ಕೆ ಬೀಗ ಹಾಕಿ. ನಿಮ್ಮ ತಂಗಿ ಗಂಡ ಬಂದರೂ ಸಾಲಲ್ಲಿ ಕೂರಲಿ ಅಣ್ಣಾ. ಮೂರನೇದು, ಓಪಿ ಬೆಳಗ್ಗೆ ಐದೂವರೆಗೆ ಶುರುವಾಗಲಿ, ವಾರಕ್ಕೆ ಮೂರು ದಿನ ಆದರೂ ಸಾಕು. ಕಾರ್ತಿಕಾ ಡಾಕ್ಟರು ಬರ್ತೀನಿ ಅಂದಿದ್ದಾರೆ. ಹಿರಿಯ ಡಾಕ್ಟರು ಎಲ್ಲಿರ್ತಾರೆ ಅಂತ ನಾನು ಹೇಳೋದಿಲ್ಲ, ಊರಿಗೇ ಗೊತ್ತು. ನಾಲ್ಕನೇದು, ರಕ್ತದ ರಿಪೋರ್ಟು ಅವತ್ತೇ ಕೊಡಬೇಕು. ಐದನೇದು ಒಂದು ಪರದೆ. ಮೀನಿನ ತೊಟ್ಟಿ ಆಮೇಲೆ ತನ್ನಿ, ಮೊದಲು ಹೆಂಗಸರ ರೂಮಿಗೆ ಪರದೆ ಹಾಕಿ."

ಅವಳು ತನ್ನ ತಪ್ಪನ್ನು ಮೊದಲು ಇಟ್ಟದ್ದು ಬೇಕೆಂದೇ. ನಾನು ಒಪ್ಪಿಕೊಂಡರೆ ನಾಚಿಕೆಗಾದರೂ ಇನ್ನೊಬ್ಬ ಒಪ್ಪಿಕೊಂಡಾನು ಎಂದು ಎಣಿಸಿದ್ದಳು. ಇಪ್ಪತ್ತಾರು ವರ್ಷ ಅವರನ್ನು ತಿರಸ್ಕರಿಸಿಯೂ ಅವರ ಮೇಲೆ ಅಷ್ಟು ನಂಬಿಕೆ ಅವಳಲ್ಲಿ ಉಳಿದಿತ್ತು.

ಧನಪಾಲ್ ಗಂಟಲು ಸರಿಮಾಡಿಕೊಂಡ. "ನೋಡಮ್ಮಾ, ನೀನು ಪ್ರಾಮಾಣಿಕವಾಗಿ ಒಪ್ಪಿಕೊಂಡೆ. ದೊಡ್ಡ ಗುಣ. ಕಾರಣ ಸಿಕ್ಕಿಬಿಡ್ತಲ್ಲಾ!" ಎಂದು ತಿರುಗಿ ಮೋಹನ್‌ರಾಜ್‌ಗೆ ತಮಿಳಿನಲ್ಲಿ ವಿವರಿಸಿದ: ಜನ ಬಾರದಿರಲು ಹೆಡ್ ನರ್ಸಿನ ಬಾಯಿ ಕಾರಣವಂತೆ, ಅವಳೇ ಹೇಳುತ್ತಿದ್ದಾಳೆ. ಮೋಹನ್‌ರಾಜ್ ಸಂತೋಷದಿಂದ, ತನ್ನ ಅಧ್ಯಯನವೂ ಅದನ್ನೇ ಸೂಚಿಸಿತ್ತು ಎಂದ.

ಐದು ಅಂಶಗಳಲ್ಲಿ ಟ್ರಸ್ಟಿಗಳು ಜಾರಿಗೆ ತಂದದ್ದು ಒಂದನ್ನೇ. ಮರುವಾರ ಮಣಿಮೇಗಲೈಯನ್ನು ಹಾಸಿಗೆ ಬಟ್ಟೆಗಳ ಸ್ಟೋರಿಗೆ ಹಾಕಿದರು. ಹೊದಿಕೆಗಳನ್ನು ಬೈದರೆ ಯಾರಿಗೂ ತೊಂದರೆಯಿಲ್ಲವಲ್ಲ. ಒಂಬತ್ತು ದಿನ ಬಟ್ಟೆ ಮಡಿಸಿ, ಹತ್ತನೆಯ ದಿನ ರಾಜೀನಾಮೆ ಬರೆದುಕೊಟ್ಟಳು. ಅದನ್ನು ತೆಗೆದುಕೊಂಡ ಧನಪಾಲ್, ನಿನ್ನ ಸೇವೆ ಮರೆಯೋದಿಲ್ಲ ಎಂದು ಶಾಲು ತರಿಸಲು ಹೊರಟ.

"ಬೇಡಣ್ಣಾ. ಆ ಬಟ್ಟೇನ ಪರದೆ ಮಾಡಿಸಿ," ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

ಎರಡು ತಿಂಗಳಿಗೆ ಕಾರ್ತಿಕಾ ಕೂಡ ಬಿಟ್ಟು ಬಂದಳು. ಜೀಪುಗಳು ನಿಲ್ಲುವ ಜಾಗದ ಹತ್ತಿರ ಎರಡು ಕೋಣೆ ಹಿಡಿದು ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆಯತೊಡಗಿದಳು. ಗಾಯ ಕಟ್ಟುವ ಕೆಲಸ ಮಣಿಮೇಗಲೈಯದು. ಮೊದಲ ವಾರ ನಾಲ್ಕೇ ಜನ ಬಂದರು. ಆಮೇಲೆ ಜೀಪಿನ ಹೆಂಗಸರು ತಲೆಗೆ ಟವೆಲು ಸುತ್ತಿಕೊಂಡು, ಕೈಯಲ್ಲಿ ತಿಂಡಿಯ ಡಬ್ಬಿ ಹಿಡಿದು ಸಾಲಾಗಿ ನಿಲ್ಲತೊಡಗಿದರು. ಕೊಟ್ಟ ರಕ್ತದ ರಿಪೋರ್ಟು ಅವರು ಸಂಜೆ ಘಾಟಿ ಇಳಿಯುವಷ್ಟರಲ್ಲಿ ತಯಾರಿರುತ್ತಿತ್ತು.

ಮಣಿಮೇಗಲೈ ಬೈಯುವುದನ್ನು ಬಿಡಲಿಲ್ಲ. ಅದು ತನ್ನಿಂದ ಆಗದ ಮಾತು ಎಂದು ಅವಳಿಗೆ ಗೊತ್ತು. ಈಗ ಬೈಯಬೇಕಾದವರನ್ನು ಒಳಗೆ ಕರೆದು, ಬಾಗಿಲು ಹಾಕಿ, ಅವರ ಕಿವಿಗೆ ಮಾತ್ರ ಬೀಳುವಷ್ಟು ದನಿಯಲ್ಲಿ ಬೈಯುತ್ತಾಳೆ. ಕಾಲಿನ ಹುಣ್ಣಿನವರು ಎರಡು ಸಲ ತಪ್ಪಿಸಿಕೊಂಡರೆ ಬಸ್ಸು ಹತ್ತಿ ಅವರ ಮನೆಗೇ ಹೋಗುತ್ತಾಳೆ.

ಟ್ರಸ್ಟ್ ಆಸ್ಪತ್ರೆಗೆ ಹೊಸ ಹೆಸರಿನ ಬೋರ್ಡು ಬಂದಿದೆ, ನೆಲದ ತುಂಬ ಗೆರೆಗಳೂ ಬಂದಿವೆ. ಮೇಲಿನ ಎರಡು ಮಹಡಿ ಖಾಲಿ. ಹೋದ ತಿಂಗಳು ಧನಪಾಲ್ ಫೋನು ಮಾಡಿದ್ದ. ಮೋಹನ್‌ರಾಜ್ ಎರಡನೆಯ ವರದಿ ಕೊಟ್ಟಿದ್ದಾನಂತೆ, ಅನುಭವ ಇರುವ ನರ್ಸುಗಳ ಕೊರತೆಯೇ ದೊಡ್ಡ ಸಮಸ್ಯೆ ಅಂತ ಅದರಲ್ಲಿ ಬರೆದಿದ್ದಾನಂತೆ. ನೀನು ವಾಪಸ್ ಬರ್ತೀಯಾ ಎಂದು ಕೇಳಿದ.

"ಪಕ್ಕದ ಬಾಗಿಲಿಗೆ ಬೀಗ ಹಾಕಿದ್ದೀರಾ ಅಣ್ಣಾ?" ಎಂದಳು ಮಣಿಮೇಗಲೈ.

ಅವನು, ಅದು ಹಾಗಲ್ಲಮ್ಮಾ, ನಮ್ಮವರೇ ಅಲ್ಲವಾ, ಎಂದು ರಾಗ ಎಳೆದ. ಅವಳು ಫೋನು ಇಟ್ಟು, ಕೈ ತೊಳೆದುಕೊಂಡು, ಸಾಲಿನಲ್ಲಿದ್ದ ಮುಂದಿನವಳನ್ನು ಒಳಗೆ ಕರೆದಳು.