‘ಹೋಗಿ ಬನ್ನಿ’ ಅಂದದ್ದು

೧೯೫೧ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಕ್ಲಾಸು ಮುಗಿದಿತ್ತು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಹಾಗೆ ಹೇಳಿಕೊಳ್ಳಲು ನನಗೆ ಈಗಲೂ ಇಷ್ಟ. ಅಪ್ಪ ತೀರಿಕೊಂಡ ವರ್ಷ ಅದು. ನನಗಿಂತ ಎರಡು ವರ್ಷಕ್ಕೆ ಸಣ್ಣವನಾದ ತಮ್ಮನಿಗೆ ಓದುವ ತಲೆ ಇತ್ತು, ನನಗೆ ಮೂಟೆ ಹೊರುವ ಬೆನ್ನು ಇತ್ತು. ಕಡಬದ ಅಕ್ಕಿ ಮಿಲ್ಲಿಗೆ ಸೇರಿದೆ. ಉಮಿ ಗುಡಿಸುವುದರಿಂದ ಸುರುಮಾಡಿ ಇಂಜಿನಿನ ಹೊಟ್ಟೆಯೊಳಗೆ ಕೈ ಹಾಕುವವರೆಗೆ ಎಲ್ಲವನ್ನೂ ಅಲ್ಲಿಯೇ ಕಲಿತೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸುಳ್ಯದ ಹತ್ತಿರ, ರಸ್ತೆ ಬದಿಯಲ್ಲಿ, ನಮ್ಮ ಮನೆಗೆ ತಾಗಿ ನನ್ನದೇ ಮಿಲ್ಲು ನಿಂತಿತು.

ತಮ್ಮ ಪುತ್ತೂರಿನಲ್ಲಿ ಹೈಸ್ಕೂಲು, ಮಂಗಳೂರಿನಲ್ಲಿ ಕಾಲೇಜು ಮುಗಿಸಿ ಮದ್ರಾಸಿಗೆ ಹೋದ. ಎಂ.ಎಸ್ಸಿ. ಆಯಿತು. ಆಮೇಲೆ ರಿಸರ್ಚು. ಮಿಲ್ಲಿಗೆ ಭತ್ತ ತಂದವರು ಕೇಳುತ್ತಿದ್ದರು.

“ನಿನ್ನ ತಮ್ಮ ಎಂತ ಕಲಿಯುದು ಮಾರಾಯ?”

“ಫಿಸಿಕ್ಸು.”

“ಹಾಗಾದ್ರೆ ನಮ್ಮ ರೇಡಿಯೋ ಒಂದು ಹಾಳಾಗಿ ಉಂಟು, ಬಂದಾಗ ಹೇಳು.”

“ಅವನದ್ದು ಮಿಷನು ಮುಟ್ಟುವ ಫಿಸಿಕ್ಸಲ್ಲ. ಬರೀ ಯೋಚನೆ ಮಾಡುದು.”

“ಯೋಚನೆ ಮಾಡ್ಲಿಕ್ಕೆ ಮದ್ರಾಸಿಗೆ ಹೋಗ್ಬೇಕಾ? ನಾವು ಇಲ್ಲೇ ಮಾಡ್ತೇವಲ್ಲ!”

ನಾನೂ ನಗುತ್ತಿದ್ದೆ. ಆದರೆ ಮನಸ್ಸಿನಲ್ಲಿ ಒಂದು ಹಟ ಇತ್ತು. ಈ ಊರಿನಲ್ಲಿ ಯಾರೂ ಮಾಡದ ಪಿಎಚ್‌.ಡಿ.ಯನ್ನು ನನ್ನ ತಮ್ಮ ಮಾಡಬೇಕು. ನಾನು ಬಿಟ್ಟ ಓದಿಗೆ ಬೇರೆ ಯಾವ ಉತ್ತರವೂ ನನಗೆ ಬೇಕಿರಲಿಲ್ಲ.

೧೯೬೫ರ ಮಳೆಗಾಲ, ಆಟಿ ತಿಂಗಳಲ್ಲಿ ಅವನು ಹೇಳದೆ ಕೇಳದೆ ಮನೆಗೆ ಬಂದ. ಅವನ ಗೈಡು, ವಯಸ್ಸಾದ ತಮಿಳು ಪ್ರೊಫೆಸರು, ಬೇಸಗೆಯಲ್ಲಿ ತೀರಿಹೋಗಿದ್ದರು. ಲೆಕ್ಕ ಅರ್ಧಕ್ಕೆ ನಿಂತಿತ್ತು. ಎಲ್ಲೋ ಒಂದು ತಪ್ಪು ಸೇರಿಕೊಂಡಿದೆ, ಎಲ್ಲಿ ಅಂತ ಸಿಗುವುದಿಲ್ಲ ಅಂದ. ಅದು ಸಿಗದಿದ್ದರೆ ಮೂರು ವರ್ಷದ ಕೆಲಸವೆಲ್ಲ ಹೋಯಿತು. ಹಾಗೇನಾದರೂ ಆದರೆ ಮದ್ರಾಸಿಗೆ ಮತ್ತೆ ಹೋಗುವುದಿಲ್ಲ ಅಂತಲೂ ಅಂದ.

ಮಿಲ್ಲಿಗೂ ಮನೆಗೂ ನಡುವೆ ಇದ್ದ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟೆ. ಒಂದು ಮೇಜು, ಎರಡು ಕುರ್ಚಿ. ಬಂದ ವಾರದಲ್ಲೇ ಅವ್ವ ನನ್ನನ್ನು ಕರೆದಳು.

“ಮಗ, ಅವ ಯಾರ ಹತ್ರ ಮಾತಾಡುದು?”

ನಾನೂ ಕೇಳಿಸಿಕೊಂಡಿದ್ದೆ. ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ ಕೇಳುತ್ತಾನೆ, ಸುಮ್ಮನಾಗುತ್ತಾನೆ, ತಲೆ ಆಡಿಸುತ್ತಾನೆ, ಬರೆಯುತ್ತಾನೆ. ಮತ್ತೆ ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತಾನೆ. ಅವನು ಸುಮ್ಮನಾಗುವ ಹೊತ್ತು ಒಂದೊಂದು ಸಲ ಒಂದೊಂದು ಉದ್ದ. ತನ್ನಷ್ಟಕ್ಕೇ ಮಾತಾಡುವವನಾದರೆ ಅಷ್ಟು ತಾಳ್ಮೆಯಿಂದ ಕಾಯುವುದಿಲ್ಲ.

“ಓದಿದವರು ಹಾಗೇ ಅವ್ವ” ಅಂದೆ.

“ಓದಿದ್ದಲ್ಲ. ಆ ಗುರು ಕೆಲಸ ಮುಗಿಸದೆ ಹೋದದ್ದು. ಅದು ಇವನನ್ನು ಹಿಡಿದುಕೊಂಡು ಬಂದಿದೆ.”

ಆಟಿಯಲ್ಲಿ ನಮ್ಮಲ್ಲಿ ತೀರಿದವರಿಗೆ ಬಡಿಸುವುದುಂಟು. ಗುರುಕಾರ್ನೋರಿಗೆ ಬಡಿಸುವುದು ಅಂತ ಹೇಳುತ್ತೇವೆ, ಅಂದರೆ ನಮಗಿಂತ ಮೊದಲು ಹೋದ ಹಿರಿಯರಿಗೆ. ಒಳಗೆ ಎಲೆ ಹಾಕಿ, ಅವರಿಗೆ ಇಷ್ಟವಿದ್ದದ್ದನ್ನು ಬಡಿಸಿ, ಕರೆದು, ಬಾಗಿಲು ಎಳೆದು ಎಲ್ಲರೂ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಉಂಡು ಹೋಗಿ ಅಂತ ಹೇಳಿ ತೆರೆಯಬೇಕು. ಬೇರೆ ಮನೆಗಳಲ್ಲಿ ಸಂಜೆಗೆ ಮಾಡುತ್ತಾರೆ, ನಮ್ಮಲ್ಲಿ ನಡು ಮಧ್ಯಾಹ್ನ.

“ಈ ಸಲ ಅವರಿಗೂ ಒಂದು ಎಲೆ ಹಾಕುವ” ಅಂದಳು ಅವ್ವ. “ಗುರು ಅಂದ ಮೇಲೆ ಗುರುಕಾರ್ನೋರೇ ಅಲ್ವಾ? ಉಣ್ಣಿಸಿ ಕಳಿಸಿಬಿಡುವ.”

ತಮ್ಮ ಬೇಡ ಅನ್ನಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

“ಕೋಳಿ ಆಗ್ತದಾ ಅವರಿಗೆ?” ಅವ್ವ ಕೇಳಿದಳು.

“ಇಲ್ಲ ಅವ್ವ. ಮೊಸರನ್ನ. ಮತ್ತೆ ಕಾಫಿ, ಸಕ್ಕರೆ ಹಾಕದೆ.”

“ಸಕ್ಕರೆ ಯಾಕೆ ಬೇಡ?”

“ಡಾಕ್ಟರು ಬೇಡ ಅಂದಿದ್ದಾರೆ.”

“ಸತ್ತ ಮೇಲೂ ಪಥ್ಯವಾ!” ಅಂದಳು ಅವ್ವ. ಆದರೂ ಸಕ್ಕರೆ ಹಾಕಲಿಲ್ಲ.

ನಮ್ಮ ಹಿರಿಯರ ಎಲೆಗಳಿಂದ ದೂರ, ಕಿಟಕಿಯ ಹತ್ತಿರ, ಪ್ರೊಫೆಸರರ ಎಲೆ ಬಿತ್ತು. ನಮ್ಮವರನ್ನು ನಾನು ಕರೆದೆ. ಅವರನ್ನು ತಮ್ಮನೇ ಕರೆಯಬೇಕಾಯಿತು, ಏಕೆಂದರೆ ಸಂಬಂಧ ಅವನದ್ದು.

“ಅವರಿಗೆ ನಮ್ಮ ಭಾಷೆ ಬರುದಿಲ್ಲ” ಅಂದ.

“ತೀರಿದವರಿಗೆ ಎಲ್ಲ ಭಾಷೆಯೂ ಬರ್ತದೆ. ನೀನು ಕರಿ” ಅಂದಳು ಅವ್ವ.

ಕರೆದ. ಬಾಗಿಲು ಎಳೆದು ಜಗಲಿಯಲ್ಲಿ ನಿಂತೆವು. ಆಟಿಯ ಮಳೆ ಆ ದಿನ ಬಿಟ್ಟಿತ್ತು. ಬಿಳಿಚಿದ ಬಿಸಿಲು. ಮಿಲ್ಲು ನಿಲ್ಲಿಸಿದ್ದೆ, ಒಂದು ಕಾಗೆಯೂ ಕೂಗಲಿಲ್ಲ. ಒಳಗೆ ಲೋಟ ನೆಲಕ್ಕೆ ಇಟ್ಟಂತೆ ಒಂದು ಸದ್ದು. ಅವ್ವ ನನ್ನ ಮುಖ ನೋಡಿದಳು, ನಾನು ಅಂಗಳ ನೋಡಿದೆ.

ಹೊತ್ತಾಯಿತು. ನಾನು ಬಾಗಿಲು ತಟ್ಟಿ ನಮ್ಮವರಿಗೆ ಹೇಳಬೇಕಾದ್ದನ್ನು ಹೇಳಿದೆ. ತಮ್ಮನ ಸರದಿ ಬಂತು. ಅವನು ಎರಡು ಕೈ ಜೋಡಿಸಿ, ಊರಿಗೆ ಬಂದ ದೊಡ್ಡ ಮನುಷ್ಯರನ್ನು ಬಸ್ಸು ಹತ್ತಿಸುವವನ ಹಾಗೆ ವಿನಯದಿಂದ ಹೇಳಿದ.

“ಹೋಗಿ ಬನ್ನಿ.”

ಅವ್ವ ಹಣೆಗೆ ಕೈ ಹೊಡೆದುಕೊಂಡಳು. “ಅಯ್ಯೋ, ಎಂತ ಹೇಳಿದೆ ನೀನು! ಜೀವ ಇದ್ದವರಿಗೆ ಹೇಳುವ ಮಾತದು. ತೀರಿದವರಿಗೆ ಹೋಗಿ ಅಂತ ಮಾತ್ರ ಹೇಳ್ಬೇಕು. ಬನ್ನಿ ಅಂತ ಯಾರಾದರೂ ಹೇಳ್ತಾರಾ?”

“ಬಾಯಿ ತಪ್ಪಿತು ಅವ್ವ” ಅಂದ ತಮ್ಮ. ಆದರೆ ಅವನ ಮುಖದಲ್ಲಿ ಗಾಬರಿ ಇರಲಿಲ್ಲ. “ಬಂದರೆ ಬರಲಿ. ಲೆಕ್ಕ ಮುಗಿದಿಲ್ಲವಲ್ಲ.”

ಮಾರನೆಯ ದಿನದಿಂದ ಮಾತು ಹೆಚ್ಚಾಯಿತು. ಮೊದಲು ಇಡೀ ದಿನ ಚದುರಿಕೊಂಡು ಇದ್ದದ್ದು ಈಗ ಮಧ್ಯಾಹ್ನಕ್ಕೆ ಸರಿಯಾಗಿ ಸುರುವಾಗುತ್ತಿತ್ತು, ಸಮಯ ಗೊತ್ತುಮಾಡಿಕೊಂಡು ಬರುವವರ ಹಾಗೆ. ಕೋಣೆಯಲ್ಲಿ ನಶ್ಯದ ಪುಡಿಯ ವಾಸನೆ. ನಮ್ಮ ಮನೆಯಲ್ಲಿ ನಶ್ಯ ಸೇದುವವರು ಯಾರೂ ಇಲ್ಲ. ಭತ್ತ ತಂದವರು ಮೂಟೆ ಇಳಿಸಿ, ನಾಳೆ ಬರ್ತೇವೆ ಅಂತ ಹೋಗತೊಡಗಿದರು. ಒಬ್ಬ ಮುದುಕ ಮಾತ್ರ ಬಾಯಿ ಬಿಟ್ಟು ಹೇಳಿದ, “ನಿಮ್ಮಲ್ಲಿ ಅಕ್ಕಿ ಒಳ್ಳೇದಾಗ್ತದೆ. ಆದ್ರೆ ಮಧ್ಯಾಹ್ನ ಆ ಕೋಣೆಯ ಕಿಟಕಿಯ ಎದುರು ನಿಲ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ್ರೆ.”

ತಮ್ಮ ಸೊರಗಿದ. ಅವ್ವ ನಿರ್ಧಾರ ಮಾಡಿಯೇ ನನ್ನ ಹತ್ತಿರ ಬಂದಳು. ಮಂಡೆಕೋಲಿನಿಂದ ಆಚೆ, ಗಡಿ ದಾಟಿದಲ್ಲಿ, ಒಬ್ಬ ಮಲಯಾಳಿ ಮಂತ್ರವಾದಿ ಇದ್ದ. ಅವನು ಬಂದು ಮನೆಗೆ ಮಂತ್ರದ ಕಟ್ಟು ಹಾಕಿದರೆ ಎಂಥದ್ದೂ ಒಳಗೆ ಬರುವುದಿಲ್ಲ.

“ನಿನಗೆ ತಮ್ಮ ಬೇಕಾ, ಅವನ ಡಿಗ್ರಿ ಬೇಕಾ?”

“ಎರಡೂ ಬೇಕು ಅವ್ವ.”

“ಎರಡೂ ಸಿಗುದಿಲ್ಲ.”

ಮನೆಯ ಯಜಮಾನ ನಾನು. ನಾನು ಹೂಂ ಅಂದರೆ ಮಂತ್ರವಾದಿ ಬರುತ್ತಿದ್ದ. ದೀಪಾವಳಿಯವರೆಗೆ ತಡೆ ಅಂದೆ. ಅವ್ವ ನನ್ನ ಹತ್ತಿರ ಮಾತು ಬಿಟ್ಟಳು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಇಂಜಿನು ನಿಲ್ಲಿಸಿ ಆ ಕೋಣೆಯ ಬಾಗಿಲಿಗೆ ಹೋದೆ, ಊಟಕ್ಕೆ ಕರೆಯಲು. ತಮ್ಮ ಎದ್ದು ನಿಂತು ನೀರು ಕುಡಿಯುತ್ತಿದ್ದ. ತಲೆ ಹಿಂದಕ್ಕೆ ಬಾಗಿಸಿ, ಚೆಂಬನ್ನು ಮೇಲೆತ್ತಿ, ಬಾಯಿಗೆ ಧಾರೆಯಾಗಿ ಬಿಟ್ಟುಕೊಳ್ಳುತ್ತಿದ್ದ. ಗಂಟಲು ಗುಟುಕು ಗುಟುಕಾಗಿ ಆಡುತ್ತಿತ್ತು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಒಂದು ಮುದಿ ಸ್ವರ ಮಾತಾಡುತ್ತಿತ್ತು. ನಿಧಾನ, ಸ್ವಲ್ಪ ಕಫ ಕಟ್ಟಿದ ಸ್ವರ. ಇಂಗ್ಲಿಷು. ನನಗೆ ಅದರಲ್ಲಿ ಗೊತ್ತಾದದ್ದು ಕೊನೆಯ ಒಂದೇ ಮಾತು, ಎಂಟನೆಯ ಕ್ಲಾಸಿನವನಿಗೂ ಗೊತ್ತಿರುವಂಥದ್ದು: ಮೈನಸ್.

ಚೆಂಬು ಕೆಳಗೆ ಬಂತು. ತಮ್ಮ ಬಾಯಿ ಒರೆಸಿಕೊಳ್ಳಲೂ ಇಲ್ಲ. ಮೇಜಿಗೆ ಬಗ್ಗಿ ಹಾಳೆಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಮಗುಚಿದ. ಒಂದು ಕಡೆ ಬೆರಳಿಟ್ಟು ನಿಂತ. ಅಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದ. ಅಷ್ಟೇ.

ಆಮೇಲೆ ನನ್ನನ್ನು ನೋಡಿದ. “ಅಣ್ಣ, ನೀನು ಎಂತಾದ್ರೂ ಹೇಳಿದ್ಯಾ?”

“ಇಲ್ಲ.”

“ನಿನಗೆ ಕೇಳಿತಾ?”

“ಊಟಕ್ಕೆ ಬಾ” ಅಂದೆ. ಬಾಗಿಲಿನ ದಾರಂದ ಹಿಡಿದುಕೊಂಡೇ ಇದ್ದೆ. ಆ ಮಧ್ಯಾಹ್ನ ಅವನು ಮೂರು ಸಲ ಅನ್ನ ಹಾಕಿಸಿಕೊಂಡ.

ದೀಪಾವಳಿ ಕಳೆದು ಅವನು ಮದ್ರಾಸಿಗೆ ಹೊರಟ. ಮಿಲ್ಲಿಗೆ ಬೆಲ್ಟು ತರಲಿಕ್ಕಿತ್ತು, ಪುತ್ತೂರಿನವರೆಗೆ ನಾನೂ ಅದೇ ಬಸ್ಸು ಹತ್ತಿದೆ. ತಮ್ಮ ನನಗಿಂತ ಎರಡು ಸೀಟು ಮುಂದೆ ಕೂತ. ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಬದಿ ಬಿಟ್ಟು ಈಚೆಯ ತುದಿಯಲ್ಲಿ ಕೂತಿದ್ದ. ಬಸ್ಸು ತುಂಬಿತು, ಜನ ನಿಂತರು, ಆ ಜಾಗ ಹಾಗೆಯೇ ಇತ್ತು.

ಜಾಲ್ಸೂರಿನಲ್ಲಿ ಒಬ್ಬಳು ದಪ್ಪ ಹೆಂಗಸು ಹತ್ತಿದಳು. “ಅಲ್ಲಿ ಜಾಗ ಉಂಟಲ್ಲ, ಎಂತಕ್ಕೆ ಎಲ್ಲ ನಿಂತದ್ದು? ಸೀಟಿಗೆ ಸೆಗಣಿ ಮೆತ್ತಿದೆಯಾ?” ಅಂತ ಎಲ್ಲರನ್ನೂ ತಳ್ಳಿಕೊಂಡು ಹೋದಳು. ತಮ್ಮ ಕಾಲು ಸರಿಸಿ ದಾರಿ ಕೊಟ್ಟ. ಅವಳು ಕೂರಲಿಕ್ಕೆ ಬಗ್ಗಿದವಳು ಅರ್ಧದಲ್ಲಿ ನಿಂತಳು. ನೆಟ್ಟಗಾದಳು. ಸೆರಗು ಸರಿಮಾಡಿಕೊಂಡಳು.

“ಬೇಡ ಮಾರಾಯ್ರೆ, ನಾನು ನಿಲ್ತೇನೆ” ಅಂದಳು. ಪುತ್ತೂರಿನವರೆಗೆ ಮತ್ತೆ ಬಾಯಿ ತೆರೆಯಲಿಲ್ಲ.

ಆಮೇಲೆ ನಮ್ಮ ಮಿಲ್ಲಿನಲ್ಲಿ ಮಧ್ಯಾಹ್ನ ಬರೀ ಮಧ್ಯಾಹ್ನವಾಯಿತು. ನಶ್ಯದ ವಾಸನೆ ಹೋಯಿತು, ಗಿರಾಕಿಗಳು ಬಂದರು, ಅವ್ವ ಮಾತಾಡಿದಳು. ನಾನು ಮಾತ್ರ ಕೆಲವು ದಿನ ಇಂಜಿನು ನಿಲ್ಲಿಸಿ ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಪಾಠ ಕೇಳಿದ್ದು ಆ ಮೈನಸ್‌ನ ದಿನ, ಅದೊಂದೇ ಸಲ.

೧೯೬೭ರಲ್ಲಿ ತಮ್ಮನಿಗೆ ಪಿಎಚ್‌.ಡಿ. ಆಯಿತು. ಸಂಗತಿ ತಿಳಿಸಲು ಅವನು ಬಂದಾಗ ಅವ್ವ ಕೇಳಿದಳು, “ಇನ್ನಾದರೂ ಅವರನ್ನು ಕಳಿಸಿದ್ಯಾ?”

“ಇನ್ನೊಂದು ಲೆಕ್ಕ ಹಿಡಿದಿದ್ದೇವೆ ಅವ್ವ” ಅಂದ.

ಈಗ ನನಗೆ ಇರುವುದು ಇಷ್ಟು: ಒಂದು ಮಿಲ್ಲು, ಅದರಲ್ಲಿ ಭತ್ತ ಸುಲಿಯುವ ಎರಡು ಹಲ್ಲರು. ಒಂದು ಜೀಪು. ಹೆಂಡತಿ. ಕಾಲೇಜು ಕಂಡ ಮೂವರು ಹೆಣ್ಣುಮಕ್ಕಳು. ಮದ್ದು ಕೊಡಲು ಬಾರದ ಒಬ್ಬ ಡಾಕ್ಟರ್ ತಮ್ಮ.